ಕೇಳುವವರು ಎದುರಿಗಿದ್ದರೆ

ನೀರಿನ ಬಗ್ಗೆ ಪ್ರಬಂಧ ಬರೆಯಿರಿ ಅಂದರೆ ಕೋಲಾರದ ಮಕ್ಕಳು ನೈಲ್ ನದಿಯ ಬಗ್ಗೆ ಬರೆಯುತ್ತಾರೆ. ಇದು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಕೆಎಎಸ್, ಪಿಡಿಒ, ಎಫ್‌ಡಿಎ ಅಂತ ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಓದುತ್ತಿರುವ ಹುಡುಗ ಹುಡುಗಿಯರು ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮಹಡಿ ಮೇಲೆ ಸೇರುತ್ತಾರೆ. ಪ್ರಬಂಧ ಬರೆದು ತರುತ್ತಾರೆ. ನಾನು ಓದಿ ತಿದ್ದಿ ಕೊಡುತ್ತೇನೆ. ನೀರಿನ ಪ್ರಬಂಧ ಯಾರೇ ಬರೆಯಲಿ, ಮೊದಲ ಸಾಲು "ನೀರು ಜೀವಜಲ". ಆಮೇಲೆ ಜಗತ್ತಿನ ನಾಗರಿಕತೆಗಳೆಲ್ಲ ನದಿ ದಡದಲ್ಲಿ ಹುಟ್ಟಿದವು ಅಂತ ಒಂದು ಪ್ಯಾರಾ. ಅದರಲ್ಲಿ ನೈಲ್, ಸಿಂಧೂ. ಮೂರನೇ ಮಹಾಯುದ್ಧ ನೀರಿಗಾಗಿ ನಡೆಯುತ್ತದೆ ಅಂತ ಇನ್ನೊಂದು ಪ್ಯಾರಾ. ಕೊನೆಗೆ "ಹನಿ ಹನಿ ಕೂಡಿದರೆ ಹಳ್ಳ". ಇದನ್ನು ಬರೆಯುತ್ತಿರುವುದು ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆಯ ಮಕ್ಕಳು. ಬೆಳಿಗ್ಗೆ ಎದ್ದು ನಲ್ಲಿಗೆ ಬಿಂದಿಗೆ ಸಾಲಿಟ್ಟು, ಆಮೇಲೆ ಪುಸ್ತಕ ಹಿಡಿದು ಬಸ್ ಹತ್ತಿದವರು. ಅವರ ಹಾಳೆಯಲ್ಲಿ ಆ ನಲ್ಲಿಯೂ ಇಲ್ಲ, ಬಿಂದಿಗೆಯೂ ಇಲ್ಲ.

ಕಾಗುಣಿತದ ತಪ್ಪು ಹೆಚ್ಚಿರುವುದಿಲ್ಲ. ವಾಕ್ಯಗಳೂ ನೆಟ್ಟಗಿರುತ್ತವೆ. ಆದರೆ ಹೆಸರು ಮುಚ್ಚಿಟ್ಟು ಓದಿದರೆ ಯಾವುದು ಯಾರದು ಅಂತ ಗೊತ್ತಾಗುವುದಿಲ್ಲ. "ಮೇಡಂ, ಬರವಣಿಗೆ ಇಂಪ್ರೂವ್ ಮಾಡ್ಕೊಳ್ಳೋದು ಹೇಗೆ?" ಅಂತ ಎಲ್ಲರೂ ಕೇಳುತ್ತಾರೆ. ಹೊಸ ಪದ ಕಲಿತರೆ ಸಾಕು ಅನ್ನುವುದು ಅವರ ಲೆಕ್ಕ. ಅದಕ್ಕೆಂದೇ ನುಡಿಗಟ್ಟು, ಗಾದೆ, ಸೂಕ್ತಿಗಳ ನೋಟ್‌ಬುಕ್ ಇಟ್ಟಿದ್ದಾರೆ. ಎಷ್ಟು ಶ್ರದ್ಧೆಯಿಂದ ಬರೆದುಕೊಂಡಿದ್ದಾರೆ ಅಂದರೆ ಬೇಡ ಅನ್ನಲು ಮನಸ್ಸು ಬರುವುದಿಲ್ಲ. ಆದರೂ ಹೇಳುತ್ತೇನೆ: ನಿಮಗೆ ಕಡಿಮೆ ಬಿದ್ದಿರುವುದು ಪದಗಳಲ್ಲ. ನಿಮ್ಮನ್ನು ಯಾರೂ ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿಲ್ಲ.

60 ರಾಡ್

ಅವರಲ್ಲಿ ಶ್ರೀನಿವಾಸಪುರ ಕಡೆಯ ಒಬ್ಬ ಹುಡುಗಿ ಇದ್ದಾಳೆ. ಮನೆಯಲ್ಲಿ ತೆಲುಗು, ಓದಿದ್ದು ಕನ್ನಡ ಮೀಡಿಯಂ. ದುಂಡಗೆ, ಒತ್ತಾಗಿ ಬರೆಯುತ್ತಾಳೆ. ಅವಳ ನೀರಿನ ಪ್ರಬಂಧದಲ್ಲಿ ಒಂದು ವಾಕ್ಯ ಹೀಗಿತ್ತು: "ಅಂತರ್ಜಲ ಮಟ್ಟವು ಪಾತಾಳಕ್ಕೆ ಕುಸಿದಿದ್ದು, ರೈತರು ಸಂಕಷ್ಟಕ್ಕೆ ಸಿಲುಕಿರುವುದು ಶೋಚನೀಯ ಸಂಗತಿಯಾಗಿದೆ." ನಾನು ಕೇಳಿದೆ, "ಪಾತಾಳ ಅಂದ್ರೆ ಎಷ್ಟು ಅಡಿ?" ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. "1,200 ಮೇಡಂ." "ಹೇಗೆ ಗೊತ್ತು?" "ನಾನೇ ಎಣಿಸಿದ್ದೆ."

ಆಮೇಲೆ ಅವಳು ಹೇಳಿದ್ದನ್ನು ಆ ದಿನ ಅಲ್ಲಿದ್ದ ಯಾರೂ ಮರೆತಿಲ್ಲ. ಅವಳು ಎಸ್‌ಎಸ್‌ಎಲ್‌ಸಿಯಲ್ಲಿ ಇದ್ದಾಗ ಅವರ ಹೊಲದಲ್ಲಿ ಬೋರ್‌ವೆಲ್ ಕೊರೆಸಿದರು. ಪಾಯಿಂಟ್ ತೋರಿಸುವವನು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬದುವಿನ ಉದ್ದಕ್ಕೂ ನಡೆದ. ಕಾಯಿ ಎದ್ದು ನಿಂತ ಕಡೆ ಕಲ್ಲಿಟ್ಟ. ತಮಿಳುನಾಡಿನ ತಿರುಚೆಂಗೋಡಿನ ಲಾರಿಗಳು ಬರುವಷ್ಟರಲ್ಲಿ ಕತ್ತಲಾಗಿತ್ತು. ಒಂದು ಕೊರೆಯುವ ಲಾರಿ, ಒಂದು ಕಂಪ್ರೆಸರ್ ಲಾರಿ. ಅಪ್ಪ ಕರ್ಪೂರ ಹಚ್ಚಿ ಕಾಯಿ ಒಡೆದು, ಮಗಳನ್ನು ಕರೆದು, "ನೀನಿಲ್ಲಿ ಕೂತ್ಕೊಂಡು ರಾಡ್ ಎಣಿಸಮ್ಮ" ಅಂದರು. ಬಿಲ್ಲು ಅಡಿ ಲೆಕ್ಕದಲ್ಲಿ. ಕೊರೆಯುತ್ತಾ ಒಂದಕ್ಕೊಂದು ಜೋಡಿಸಿ ಇಳಿಸುವ ಒಂದು ರಾಡ್ 20 ಅಡಿ. ಲೆಕ್ಕ ತಪ್ಪಿದರೆ ದುಡ್ಡು ಹೋಗುತ್ತದೆ. ಅವಳು ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗೀಟು ಎಳೆಯುತ್ತಾ ಕೂತಳು. ನಾಲ್ಕು ಉದ್ದ ಗೀಟು, ಐದನೆಯದು ಅಡ್ಡ. ಮೊದಲು ಕೆಂಪು ಮಣ್ಣು ಬಂತು. ಆಮೇಲೆ ಬೂದು ಬಣ್ಣದ ಪುಡಿ. ಬೆಳಗಿನ ಜಾವದ ಹೊತ್ತಿಗೆ ರಾಗಿ ಮೆದೆಯ ಮೇಲೆ, ಎಮ್ಮೆಯ ಬೆನ್ನ ಮೇಲೆ, ಅಮ್ಮ ಲಾರಿಯವರಿಗೆ ಮುದ್ದೆ ಮಾಡಿಟ್ಟ ಪಾತ್ರೆಯ ಮುಚ್ಚಳದ ಮೇಲೆ ಆ ಪುಡಿ ಕೂತಿತ್ತು. 40ನೇ ರಾಡಿನ ಹತ್ತಿರ ಪುಡಿ ಸ್ವಲ್ಪ ಒದ್ದೆಯಾಗಿ ಬಂತು. ಎಲ್ಲರೂ ಎದ್ದು ನಿಂತರು. ಎರಡು ರಾಡ್ ಆದಮೇಲೆ ಮತ್ತೆ ಒಣ ಪುಡಿ. "ಇನ್ನೆರಡು ಬಿಡಣ್ಣ" ಅಂತ ಅಪ್ಪ ಕೇಳುತ್ತಾ ಹೋದರು. 60 ಆದಾಗ ಡ್ರೈವರ್ ತಾನೇ ಇಂಜಿನ್ ನಿಲ್ಲಿಸಿ ಇಳಿದು ಬಂದ. "ಎಣಿಸಿದ್ಯೇನಮ್ಮ ಸರಿಯಾಗಿ?" ಅಂತ ಅಪ್ಪ ಕೇಳಿದ್ದು ಅಷ್ಟೇ. ಆಮೇಲೆ ಆ ದಿನ ಅವರು ಮಾತಾಡಲಿಲ್ಲವಂತೆ.

"ಇದನ್ನ ಯಾಕೆ ಬರೀಲಿಲ್ಲ?" ಅಂತ ಕೇಳಿದೆ. ಅವಳಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ಇದು ನಮ್ಮನೆ ವಿಷ್ಯ ಮೇಡಂ. ಪ್ರಬಂಧ ಅಲ್ವಲ್ಲ."

ಈ ಉತ್ತರವನ್ನು ನಾನು ಆಮೇಲೆ ಬಹಳ ಸಲ ಮೆಲುಕು ಹಾಕಿದ್ದೇನೆ. ಗೊತ್ತಿರುವುದು ಒಂದು ಕಡೆ, ಬರೆಯುವುದು ಇನ್ನೊಂದು ಕಡೆ ಅಂತ ಈ ಮಕ್ಕಳಿಗೆ ಯಾರೋ ಬೇಲಿ ಹಾಕಿಟ್ಟಿದ್ದಾರೆ. ಶಾಲೆಯಲ್ಲಿ ಪ್ರಬಂಧವನ್ನು ಗೈಡಿನಿಂದ ಬಾಯಿಪಾಠ ಮಾಡಿಸುತ್ತಾರೆ. ಹಬ್ಬದ ಪ್ರಬಂಧ ಬರೆಯುವ ಹುಡುಗ ತನ್ನ ಮನೆಯ ಹಬ್ಬ ಬರೆಯುವುದಿಲ್ಲ, ಗೈಡಿನಲ್ಲಿರುವ ಹಬ್ಬ ಬರೆಯುತ್ತಾನೆ. ಹತ್ತು ಹನ್ನೆರಡು ವರ್ಷ ಹೀಗೇ ಆದಮೇಲೆ ಪೆನ್ನು ಹಿಡಿದ ಕೂಡಲೇ ಅವರೊಳಗಿನ ಮನುಷ್ಯ ಎದ್ದು ಹೊರಗೆ ಹೋಗಿಬಿಡುತ್ತಾನೆ. ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ ಪ್ರಬಂಧ ಪತ್ರಿಕೆಗೆ 250 ಅಂಕ. ಎರಡು ಪ್ರಬಂಧ ಬರೆಯಬೇಕು. ಅದರಲ್ಲಿ ಒಂದು ರಾಜ್ಯದ ಅಥವಾ ಸ್ಥಳೀಯ ಮಹತ್ವದ ವಿಷಯ. ನಿಮ್ಮ ಊರು ನಿಮಗೆ ಗೊತ್ತಿದೆಯಾ ಅಂತ ಪರೀಕ್ಷೆಯೇ ಕೇಳುತ್ತಿದೆ. ನಾವು ನೈಲ್ ನದಿ ಅಂತ ಉತ್ತರ ಕೊಡುತ್ತಿದ್ದೇವೆ.

ಹಾಗಂತ ಆ ರಾತ್ರಿಯ ಕತೆಯನ್ನು ಹಾಗೇ ಇಳಿಸಿದರೆ ಪ್ರಬಂಧ ಆಗುವುದಿಲ್ಲ. ಅದನ್ನೂ ಅವಳಿಗೆ ಹೇಳಿದೆ. ಕತೆ ಹೇಳಿದ ಮೇಲೆ ಕೇಳಿದವರಿಗೆ ಪ್ರಶ್ನೆ ಹುಟ್ಟುತ್ತದೆ. ಅಲ್ಲಿಂದ ಬರವಣಿಗೆ ಶುರು. ಪಕ್ಕದಲ್ಲಿ ಕೂತಿದ್ದ ಬಂಗಾರಪೇಟೆಯ ಹುಡುಗ ಕೇಳಿದ, "ನಿಮ್ಮ ತಾತನ ಕಾಲದಲ್ಲಿ ಎಷ್ಟು ಅಡಿಗೆ ಸಿಗ್ತಿತ್ತು?" ಅವಳಿಗೆ ಗೊತ್ತಿರಲಿಲ್ಲ. ಊರಿಗೆ ಹೋಗಿ ಕೇಳಿಕೊಂಡು ಬಂದಳು. ಹೊಲದಲ್ಲಿ ತೆರೆದ ಬಾವಿ ಇತ್ತಂತೆ, ಎತ್ತು ಕಟ್ಟಿ ನೀರೆತ್ತುವ ಕಪಿಲೆ ಹೊಡೆಯುತ್ತಿದ್ದರಂತೆ, ಎತ್ತುಗಳು ಹಿಂದಕ್ಕೂ ಮುಂದಕ್ಕೂ ನಡೆದ ಇಳಿಜಾರು ಈಗಲೂ ಹಾಗೇ ಇದೆಯಂತೆ. ಹಾಗಾದರೆ ಬಾವಿ ಯಾಕೆ ಬತ್ತಿತು? ಕೆರೆ ತುಂಬುವುದು ನಿಂತಿತು, ಅದಕ್ಕೆ. ಕೆರೆ ಯಾಕೆ ತುಂಬಲಿಲ್ಲ? ಹೂಳು, ಒತ್ತುವರಿಯಾದ ರಾಜಕಾಲುವೆ, ಕೆರೆ ಮೇಲ್ಗಡೆ ಹಾಕಿದ ನೀಲಗಿರಿ ತೋಪು. ಇತ್ತ ಬೆಂಗಳೂರಿಗೆ ತರಕಾರಿ ಬೆಳೆಯಲು ಊರು ತುಂಬ ಪಂಪು. ಆಮೇಲೆ 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಮೊದಲ ಸಲ ಲಕ್ಷ್ಮೀಸಾಗರ ಕೆರೆಗೆ ಬಂದದ್ದು. ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಬೋರ್‌ವೆಲ್‌ಗೆ ಜೀವ ಬಂತು ಅನ್ನುವ ರೈತರೂ ಇದ್ದಾರೆ, ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಅಂತ ಹೋರಾಡುವವರೂ ಇದ್ದಾರೆ. ಇಷ್ಟೂ ಸಿಕ್ಕಿದ್ದು ಒಂದು "ಯಾಕೆ" ಇನ್ನೊಂದನ್ನು ಎಳೆದು ತಂದದ್ದರಿಂದ. ಅವಳ ಎರಡನೇ ಪ್ರಬಂಧದಲ್ಲಿ "ಶೋಚನೀಯ" ಇರಲಿಲ್ಲ. ಬೇಕಾಗಲಿಲ್ಲ.

ಅರ್ಜಿ ಬರೆಯುವವರು

ನನಗೆ ಇದನ್ನು ಕಲಿಸಿದವರು ಒಬ್ಬ ಅರ್ಜಿ ಬರೆಯುವವರು. ಆಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ನಮ್ಮ ಅಜ್ಜಿಯ ಹೊಲಕ್ಕೆ ಹೋಗುವ ಬಂಡಿ ದಾರಿಗೆ ಪಕ್ಕದ ಹೊಲದವರು ಬೇಲಿ ಹಾಕಿದ್ದರು. ಅಜ್ಜಿ ನನ್ನನ್ನು ಜೊತೆಗೆ ಕರೆದುಕೊಂಡು ತಾಲ್ಲೂಕು ಕಚೇರಿಯ ಎದುರು ಮರದ ಕೆಳಗೆ ಕೂತಿದ್ದ ಅವರ ಹತ್ತಿರ ಹೋದರು. ಒಂದು ಸಣ್ಣ ಮೇಜು, ಅದರ ಮೇಲೆ ಬಿಳಿ ಹಾಳೆಯ ಕಟ್ಟು, ಗಾಳಿಗೆ ಹಾರದಂತೆ ಒಂದು ಕಲ್ಲು. ಎಲ್ಲರೂ ಅವರನ್ನು "ಸ್ವಾಮಿ" ಅನ್ನುತ್ತಿದ್ದರು. ಎದುರಿಗೆ ಬೆಂಚು. ಅಜ್ಜಿ ಕೂತು, ಸೆರಗು ಸರಿ ಮಾಡಿಕೊಂಡು, ತೆಲುಗಿನಲ್ಲಿ ಶುರು ಮಾಡಿದರು. ಮದುವೆಯಾಗಿ ಆ ಊರಿಗೆ ಬಂದ ದಿನದಿಂದ.

ಅವರು ತಡೆಯಲಿಲ್ಲ. ಪೆನ್ನಿನ ಕ್ಯಾಪ್ ಕೂಡ ತೆಗೆಯದೆ ಪೂರ್ತಿ ಕೇಳಿದರು. ಅಜ್ಜಿ ಉಸಿರು ತೆಗೆದುಕೊಳ್ಳಲು ನಿಂತಾಗ ಒಂದೊಂದೇ ಕೇಳಿದರು. ಸರ್ವೆ ನಂಬರ್ ಎಷ್ಟಮ್ಮ? ಪಹಣಿ ತಂದಿದ್ದೀರಾ? ಬೇಲಿ ಯಾವಾಗ ಹಾಕಿದ್ರು, ಯುಗಾದಿ ಮುಂಚೇನಾ ಆಮೇಲಾ? ಮುಂಚೆ ಬಂಡಿ ಎಲ್ಲಿಂದ ಎಲ್ಲಿಗೆ ಹೋಗ್ತಿತ್ತು? ಗುರುತು ಏನಿದೆ? ಬೇರೆ ಯಾರು ಯಾರು ಆ ದಾರೀಲಿ ಓಡಾಡ್ತಾರೆ? ಕೊನೆಗೆ, "ಈಗ ನಿಮಗೆ ಏನಾಗಬೇಕು?" ಈ ಕೊನೆಯ ಪ್ರಶ್ನೆಗೆ ಅಜ್ಜಿ ತುಂಬ ಹೊತ್ತು ಸುಮ್ಮನಿದ್ದರು. ಅಲ್ಲಿಯವರೆಗೆ ಅವರು ಸಿಟ್ಟಿನಲ್ಲಿದ್ದರು. ಬೇಕಾದದ್ದು ಏನು ಅಂತ ಆ ಬೆಂಚಿನ ಮೇಲೆ ಕೂತು ಯೋಚಿಸಿದರು. "ಬಂಡಿ ಹೋಗೋ ಅಷ್ಟು ಜಾಗ. ಅಷ್ಟೇ."

ಆಮೇಲೆ ಪೆನ್ನು ತೆಗೆದರು. ಅಜ್ಜಿ ಮಧ್ಯೆ ಬಾಯಿ ಹಾಕಿ, "ಅವನು ದುಷ್ಟ, ಹೊಟ್ಟೆಕಿಚ್ಚಿನವನು ಅಂತ ಬರೀರಿ ಸ್ವಾಮಿ" ಅಂದರು. ಅವರು ತಲೆ ಎತ್ತಿ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. "ದುಷ್ಟ ಅಂತ ಬರೆದ್ರೆ ಓದಿ ಪಕ್ಕಕ್ಕಿಡ್ತಾರಮ್ಮ. ಇಂಥ ಮರದಿಂದ ಇಂಥ ಮರದವರೆಗೆ ಬೇಲಿ ಹಾಕಿದ್ದಾನೆ ಅಂತ ಬರೆದ್ರೆ ಬಂದು ನೋಡ್ತಾರೆ." ಅರ್ಧ ಪುಟದಲ್ಲಿ ಮುಗಿಸಿದರು. ಮುಗಿಸಿ, ಅಜ್ಜಿಗೆ ಓದಿ ಹೇಳಿದರು. ಕನ್ನಡದಲ್ಲಿ ಓದಿ, ಅಲ್ಲಲ್ಲಿ ತೆಲುಗಿನಲ್ಲಿ ಬಿಡಿಸಿ ಹೇಳಿ. ಅಜ್ಜಿ ಒಂದು ಕಡೆ ಕೈ ಅಡ್ಡ ಹಿಡಿದರು. "ಹುಣಸೆ ಮರ ಅಲ್ಲ ಸ್ವಾಮಿ, ಅದು ಹೊಂಗೆ. ಹುಣಸೆ ಆ ಕಡೆ ತುದೀಲಿರೋದು." ಅವರು ಗೀಟು ಹಾಕಿ ಸರಿ ಮಾಡಿ, ಗೀಟು ಬಿದ್ದ ಹಾಳೆ ಬೇಡ ಅಂತ ಇನ್ನೊಂದು ಹಾಳೆ ತೆಗೆದು ಪೂರ್ತಿ ಮತ್ತೆ ಬರೆದರು. ಕೆಲವು ವಾರದ ಮೇಲೆ ಸರ್ವೆಯವರು ಬಂದರು. ಆ ಹೊಂಗೆ ಮರದ ಹತ್ತಿರವೇ ಬಂದು ನಿಂತರು. ಬಂಡಿ ದಾರಿ ಬಿಡಿಸಿಕೊಟ್ಟರು.

ಬರವಣಿಗೆಯ ಬಗ್ಗೆ ನಾನು ಆಮೇಲೆ ಓದಿದ್ದೆಲ್ಲ ಆ ಬೆಂಚಿನ ಮುಂದೆ ಚಿಕ್ಕದಾಗಿ ಕಾಣುತ್ತದೆ. ಪೂರ್ತಿ ಕೇಳುವುದು. ಆಮೇಲೆ ಕೇಳಬೇಕಾದ್ದನ್ನು ಕೇಳುವುದು. ಓದುವವನು ಎದ್ದು ಬಂದು ನೋಡುವ ಹಾಗೆ ಬರೆಯುವುದು. ಬರೆದದ್ದನ್ನು ಆ ವಿಷಯ ಯಾರದೋ ಅವರ ಮುಂದೆ ಓದುವುದು. ನಾವೇ ಬರೆಯಲು ಕೂತಾಗ ಅಜ್ಜಿಯೂ ನಾವೇ, ಅರ್ಜಿ ಬರೆಯುವವರೂ ನಾವೇ ಆಗಬೇಕು. ಹೇಳುವವಳು ನಮ್ಮೊಳಗೆ ಇದ್ದೇ ಇರುತ್ತಾಳೆ. ಕೇಳುವವನನ್ನು ಮಾತ್ರ ನಾವು ಬೆಳೆಸಿಕೊಂಡಿರುವುದಿಲ್ಲ.

ಮಾತಾಡಿದ ಹಾಗೆ ಬರೆದರೆ ಸಾಕಾ?

"ಮಾತಾಡಿದ ಹಾಗೆ ಬರೆಯಿರಿ" ಅಂತ ಸಲಹೆ ಕೊಡುವವರು ಬಹಳ. ನಾನೂ ಅದನ್ನು ಅರ್ಧ ಒಪ್ಪುತ್ತೇನೆ. ಈಗ ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿದರೆ ಅಕ್ಷರ ಮೂಡುತ್ತದೆ. ಬರೆಯಲು ಕೈ ಬರುವುದಿಲ್ಲ ಅನ್ನುವವರಿಗೆ ಮೊದಲು ಹಾಗೆ ಹೇಳಿ ನೋಡಿ ಅನ್ನುತ್ತೇನೆ. ಒಂದು ಲಾಭ ಕೂಡಲೇ ಕಾಣುತ್ತದೆ. ಮಾತಿನಲ್ಲಿ ನಾವು ಯಾರು ಏನು ಮಾಡಿದರು ಅನ್ನುವುದನ್ನು ಬಿಡುವುದಿಲ್ಲ. "ಪೈಪ್ ಒಡೆದು ಹಾಕಿದ್ದಾರೆ" ಅನ್ನುತ್ತೇವೆ. ಬರೆಯಲು ಕೂತರೆ ಅದೇ "ಪೈಪನ್ನು ಹಾನಿಗೊಳಿಸಲಾಗಿರುತ್ತದೆ" ಆಗುತ್ತದೆ. ಯಾರು ಒಡೆದರು? ವಾಕ್ಯದಲ್ಲಿ ಯಾರೂ ಇಲ್ಲ. ಕಚೇರಿಗಳ ಕನ್ನಡ ಹೀಗೆ ಮಾಡಿದವನನ್ನು ಮರೆಸುತ್ತದೆ, ಅದನ್ನು ಓದಿ ಓದಿ ನಮ್ಮ ಕೈಗೂ ಅದೇ ಹತ್ತಿದೆ. ನನ್ನ ಕೆಂಪು ಪೆನ್ನು ಜಾಸ್ತಿ ಖರ್ಚಾಗುವುದು ಇಂಥ ವಾಕ್ಯಗಳಿಗೆ.

ಆದರೆ ಉಳಿದರ್ಧ ಮರೆಯಬಾರದು. ಮಾತಿನಲ್ಲಿ ಕೈ ಇದೆ, ಕಣ್ಣು ಇದೆ. ಆ ಹುಡುಗಿ ಬೋರ್‌ವೆಲ್ ಪೈಪು "ಇಷ್ಟು ದಪ್ಪ" ಅಂದಾಗ ಎರಡೂ ಕೈ ಜೋಡಿಸಿ ತೋರಿಸಿದಳು. ಅಪ್ಪ "ಹೀಗೆ ಕೂತ್ಬಿಟ್ರು" ಅಂದಾಗ ತಾನೂ ಮೊಣಕಾಲ ಮೇಲೆ ಗಲ್ಲ ಇಟ್ಟಳು. ನಮಗೆ ಎಲ್ಲ ಕಾಣಿಸಿತು. ಅದೇ ಮಾತನ್ನು ಫೋನಿನಿಂದ ಅಕ್ಷರಕ್ಕೆ ಇಳಿಸಿ ಓದಿದಾಗ "ಇಷ್ಟು", "ಹೀಗೆ", "ಅಲ್ಲಿ" ಅನ್ನುವ ಖಾಲಿ ಜಾಗಗಳೇ ತುಂಬಿದ್ದವು. ಕೈ ಮಾಡಿದ ಕೆಲಸವನ್ನು ಬರಹದಲ್ಲಿ ಪದವೇ ಮಾಡಬೇಕು. ಅದಕ್ಕೇ ಬರೆಯುವುದು ಮಾತಿಗಿಂತ ಕಷ್ಟ. ಈ ಕಷ್ಟ ನಿಜವಾದದ್ದು, ಪಡಲೇಬೇಕಾದದ್ದು. ಇದನ್ನು ತಪ್ಪಿಸಿಕೊಳ್ಳಲು ನಾವು "ವರ್ಣಿಸಲಸಾಧ್ಯ" ಅಂತ ಬರೆದು ಮುಂದೆ ಹೋಗುತ್ತೇವೆ.

ಪೇಪರಿನ ಮಾತುಗಳೂ ಹೀಗೇ ದಾರಿ ತಪ್ಪಿಸುತ್ತವೆ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತು. ಆ ವಾರ ಬರೆದು ತಂದವರೆಲ್ಲ "ಟೊಮೆಟೊ ಬೆಲೆ ಗಗನಕ್ಕೇರಿದೆ" ಅಂತ ಬರೆದಿದ್ದರು. ಬೆಲೆ ಬಿದ್ದು ರಸ್ತೆ ಬದಿಗೆ ಸುರಿದ ವರ್ಷ "ರೈತರಿಗೆ ಕಣ್ಣೀರು ತರಿಸಿದೆ" ಅಂತ ಬರೆದಿದ್ದರು. ಇವರಲ್ಲಿ ಅರ್ಧ ಜನ ಬಾಕ್ಸ್ ಹೊತ್ತವರು. ಮಂಡಿಯಲ್ಲಿ ಹರಾಜು ಕೂಗುವಾಗ ಅಪ್ಪನ ಪಕ್ಕ ನಿಂತವರು. ಬಾಕ್ಸಿನ ಬೆಲೆ, ಕಮಿಷನ್, ಗಾಡಿ ಬಾಡಿಗೆ, ಕೀಳುವವರ ಕೂಲಿ, ಕೊನೆಗೆ ಕೈಯಲ್ಲಿ ಉಳಿದದ್ದು, ಎಲ್ಲ ಬಾಯಿಗೆ ಬರುತ್ತದೆ. ಆ ಲೆಕ್ಕ ಬರೆದರೆ ಓದುವವನಿಗೆ ಗಗನವೂ ಬೇಡ, ಕಣ್ಣೀರೂ ಬೇಡ.

ಮನೆ ಮಾತು ಬೇರೆ, ಅದಕ್ಕೇ ನಮಗೆ ಕನ್ನಡ ಬರವಣಿಗೆ ಬರುವುದಿಲ್ಲ ಅನ್ನುವ ಅಂಜಿಕೆ ಗಡಿ ಜಿಲ್ಲೆಯ ಮಕ್ಕಳಲ್ಲಿ ಇದೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗು, ಕೆಜಿಎಫ್‌ನಲ್ಲಿ ತಮಿಳು, ಪಟ್ಟಣಗಳಲ್ಲಿ ಉರ್ದು. ಅವರಿಗೆ ನಾನು ಮಾಸ್ತಿಯವರ ಹೆಸರು ಹೇಳುತ್ತೇನೆ. ನಮ್ಮ ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಹುಟ್ಟಿದವರು. ಮನೆ ಮಾತು ತಮಿಳು. ಮೈಸೂರು ಸರ್ಕಾರದ ಕೆಲಸದಲ್ಲಿ ಊರೂರು ತಿರುಗಿದವರು. ಅಷ್ಟು ಸರಳವಾದ ಕನ್ನಡ ಬರೆದವರು ಕಡಿಮೆ. ಎರಡು ಮಾತಿನ ಮಧ್ಯೆ ಬೆಳೆದವರಿಗೆ ಕಿವಿ ಚುರುಕಾಗಿರುತ್ತದೆ ಅನ್ನುವುದು ನನ್ನ ನಂಬಿಕೆ. ಅದನ್ನು ಕೊರತೆ ಅಂತ ಹೇಳಿಕೊಟ್ಟವರ ಮೇಲೆ ನನಗೆ ಸಿಟ್ಟಿದೆ.

ಕಲ್ಲಿನ ಮೇಲೆ ಬರೆದವರು

ಜಾಗ ಕಡಿಮೆ ಇದ್ದಾಗ ಹೇಗೆ ಬರೆಯುತ್ತಾರೆ ಅಂತ ನೋಡಬೇಕೆಂದರೆ ನಮ್ಮಲ್ಲಿ ದೂರ ಹೋಗಬೇಕಿಲ್ಲ. ಕೆರೆ ಏರಿಯ ಪಕ್ಕ, ಹುಣಸೆ ತೋಪಿನಲ್ಲಿ, ಅರ್ಧ ಹೂತುಹೋದ ವೀರಗಲ್ಲು ಎಷ್ಟು ಊರಲ್ಲಿ ಇಲ್ಲ! ಬಿ.ಎಲ್. ರೈಸ್ ಅವರು ಶಾಸನಗಳನ್ನು ಸೇರಿಸಿ ತಂದ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟವನ್ನು ಪೂರ್ತಿ ಕೋಲಾರ ಜಿಲ್ಲೆಗೇ ಇಟ್ಟರು. ಅದು ಬಂದದ್ದು 1905ರಲ್ಲಿ. ಆಗ ಚಿಕ್ಕಬಳ್ಳಾಪುರವೂ ಕೋಲಾರದಲ್ಲೇ ಇತ್ತು. ಆ ಸಂಪುಟ ಬಿಡಿಸಿದರೆ ಎರಡು ಬಗೆಯ ಬರವಣಿಗೆ ಎದುರು ಬದುರು ಕಾಣುತ್ತವೆ. ಗಂಗ ಅರಸರ ಹೊಗಳಿಕೆ ಶುರುವಾದರೆ ಬಿರುದುಗಳು ಸಾಲುಗಟ್ಟಿ ಬರುತ್ತವೆ. ಕುವಲಾಲಪುರವರೇಶ್ವರ, ನಂದಗಿರಿನಾಥ ಅಂತ. ಕುವಲಾಲ ಅಂದರೆ ನಮ್ಮ ಕೋಲಾರವೇ. ಊರಿನ ದನ ಉಳಿಸಲು ಹೋಗಿ ಸತ್ತವನ ಕಲ್ಲಿನಲ್ಲಿ ಅದಕ್ಕೆಲ್ಲ ಜಾಗ ಇಲ್ಲ. ಯಾರು ಆಳುತ್ತಿದ್ದಾಗ, ಯಾವ ಊರ ದನಗಳನ್ನು ಹಿಡಿದಾಗ, ಯಾರ ಮಗ ಹೋರಾಡಿ ದನ ಬಿಡಿಸಿ ಸತ್ತ, ಅವನ ಮನೆಯವರಿಗೆ ಎಷ್ಟು ಭೂಮಿ ಬಿಟ್ಟರು. ಬಹಳ ಕಲ್ಲುಗಳಲ್ಲಿ ಇಷ್ಟೇ. ಕೆಲವು ಸಾಲು.

ಒಂದು ಸಲ ಮಕ್ಕಳನ್ನು ಅಂಥ ಒಂದು ಕಲ್ಲಿನ ಮುಂದೆ ನಿಲ್ಲಿಸಿ ಅದರ ಅರ್ಥ ಓದಿ ಹೇಳಿದೆ. ಬಂಗಾರಪೇಟೆಯ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನು ಶೂರ ಅಂತ ಎಲ್ಲೂ ಬರ್ದಿಲ್ಲ ಅಲ್ವಾ ಮೇಡಂ" ಅಂದ. ಬರೆದಿಲ್ಲ. ಬರೆಯದೆಯೇ ಅವನಿಗೆ ಗೊತ್ತಾಯಿತು. ಕಲ್ಲು ಕೆತ್ತುವವನಿಗೆ ಒಂದೊಂದು ಅಕ್ಷರಕ್ಕೂ ಉಳಿ ಎತ್ತಬೇಕಿತ್ತು. ನಮಗೆ ಹಾಳೆ ಅಗ್ಗ, ಫೋನಿನಲ್ಲಿ ಹಾಳೆಯೂ ಬೇಡ. ಹಾಗಾಗಿ ಬೇಡದ್ದನ್ನು ಬಿಡುವ ಕೆಲಸ ನಾವೇ ಬೇಕೆಂದು ಮಾಡಬೇಕು. ನಾನು ಮಕ್ಕಳಿಗೆ ಹೇಳುವ ಒಂದು ಉಪಾಯ ಇದೆ. ಮೊದಲ ಪ್ಯಾರಾ ಕೈಯಿಂದ ಮುಚ್ಚಿ ಎರಡನೆಯದರಿಂದ ಓದಿ. ಏನೂ ಕಳೆದಿಲ್ಲ ಅನ್ನಿಸಿದರೆ ಅದನ್ನು ಹೊಡೆದು ಹಾಕಿ. "ನೀರು ಜೀವಜಲ" ಹೆಚ್ಚಾಗಿ ಅಲ್ಲೇ ಹೋಗುತ್ತದೆ.

ಇನ್ನೊಬ್ಬರ ಬಾಯಲ್ಲಿ

ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡಿ ಅನ್ನುವುದು ಹಳೆಯ ಸಲಹೆ. ಅದಕ್ಕೆ ನಾನು ಒಂದು ಸೇರಿಸುತ್ತೇನೆ. ನೀವೇ ಓದಬೇಡಿ, ಇನ್ನೊಬ್ಬರ ಕೈಲಿ ಓದಿಸಿ. ನಾವೇ ಓದಿದರೆ ನಮ್ಮ ದನಿ ತಪ್ಪುಗಳನ್ನೆಲ್ಲ ಮುಚ್ಚಿ ಹಾಕುತ್ತದೆ. ಎಲ್ಲಿ ನಿಲ್ಲಬೇಕು, ಎಲ್ಲಿ ಒತ್ತಬೇಕು ಅಂತ ನಮಗೆ ಗೊತ್ತಿರುತ್ತದೆ, ಹಾಳೆಯಲ್ಲಿ ಇಲ್ಲದಿದ್ದರೂ. ಇನ್ನೊಬ್ಬನಿಗೆ ಹಾಳೆಯಲ್ಲಿ ಇರುವುದಷ್ಟೇ ಸಿಗುತ್ತದೆ. ಅವನು ಎಡವಿದ ಕಡೆ ಎಡವಿದ್ದು ಬರಹ. ಆ ಹುಡುಗಿಯ ಮೊದಲ ಕರಡಿನಲ್ಲಿ ಒಂದು ವಾಕ್ಯ ಇತ್ತು. "ಲಾರಿ ಬಂದು ಅಪ್ಪ ಪೂಜೆ ಮಾಡಿ ನಾನು ಎಣಿಸುತ್ತಾ ಕುಳಿತು ನೀರು ಬರಲಿಲ್ಲ." ಅವಳೇ ಓದಿದಾಗ ಸರಿಯಾಗೇ ಕೇಳಿಸಿತು. ಬಂಗಾರಪೇಟೆಯವನು ಓದುವಾಗ ಮಧ್ಯದಲ್ಲಿ ಎರಡು ಸಲ ನಿಂತು ಹಿಂದಕ್ಕೆ ಹೋದ. ಬಂದದ್ದು ಲಾರಿ, ಪೂಜೆ ಮಾಡಿದ್ದು ಅಪ್ಪ, ಎಣಿಸಿದ್ದು ಅವಳು, ಬಾರದೆ ಇದ್ದದ್ದು ನೀರು. ನಾಲ್ಕು ಜನರನ್ನು ಒಂದೇ ದಾರದಲ್ಲಿ ಕಟ್ಟಿದರೆ ಕನ್ನಡ ತಾಳುವುದಿಲ್ಲ. ಒಬ್ಬನೇ ಎದ್ದು, ಹೋಗಿ, ತಂದು, ಇಟ್ಟರೆ ಎಷ್ಟು ಉದ್ದವಾದರೂ ಓದಿಸಿಕೊಳ್ಳುತ್ತದೆ. ಮಾಡುವವನು ಬದಲಾದ ಕಡೆ ಪೂರ್ಣವಿರಾಮ ಇಡಿ. ವ್ಯಾಕರಣದ ಪುಸ್ತಕದಲ್ಲಿ ಇದನ್ನು ಓದಿದಾಗ ಅವರಿಗೆ ಹತ್ತಿರಲಿಲ್ಲ. ಗೆಳೆಯ ಎಡವಿದ್ದು ನೋಡಿದ ಮೇಲೆ ಮತ್ತೆ ಹೇಳಬೇಕಾಗಲಿಲ್ಲ.

ಈಗ ಭಾನುವಾರದ ಕ್ರಮವೇ ಬದಲಾಗಿದೆ. ಇಬ್ಬಿಬ್ಬರು ಎದುರು ಬದುರು ಕೂರುತ್ತಾರೆ. ಒಬ್ಬರು ಹೇಳಬೇಕು, ಇನ್ನೊಬ್ಬರು ಕೇಳಬೇಕು. ಕೇಳುವವರು ಚೆನ್ನಾಗಿದೆ ಅನ್ನುವಂತಿಲ್ಲ, ಚೆನ್ನಾಗಿಲ್ಲ ಅನ್ನುವಂತಿಲ್ಲ. ಪ್ರಶ್ನೆ ಮಾತ್ರ. ಎಷ್ಟು, ಯಾವಾಗ, ಯಾರು, ಆಮೇಲೆ ಏನಾಯ್ತು, ನಿಂಗೆ ಹೇಗೆ ಗೊತ್ತು. ಆ ವಾರ ಬರೆದು, ಮುಂದಿನ ಭಾನುವಾರ ಹಾಳೆ ಅದಲು ಬದಲು. ಕೇಳಿದವರೇ ಗಟ್ಟಿಯಾಗಿ ಓದಬೇಕು. ಬರೆದವರು ಬಾಯಿ ಬಿಡದೆ, ಓದುವವರು ಎಲ್ಲಿ ನಿಂತರು ಅಂತ ಗುರುತು ಹಾಕಿಕೊಳ್ಳಬೇಕು. ನನ್ನ ಕೆಂಪು ಪೆನ್ನು ಬರುವುದು ಅದಾದ ಮೇಲೆ. ಯಾರೂ ಜೊತೆಗೆ ಇಲ್ಲದವರು ಏನು ಮಾಡಬೇಕು ಅಂತ ಕೇಳುತ್ತಾರೆ. ಒಬ್ಬರನ್ನು ಮನಸ್ಸಿನಲ್ಲಿ ಕೂರಿಸಿಕೊಂಡು ಬರೆಯಿರಿ. "ಓದುಗರು" ಅಂತ ಬೇಡ, ಗೊತ್ತಿರುವ ಒಬ್ಬರು. ಹೊರಗಿನವರಾದರೆ ಇನ್ನೂ ಒಳ್ಳೆಯದು. ಕರಾವಳಿಯಿಂದ ಮದುವೆಯಾಗಿ ಬಂದಿರುವ ಅತ್ತಿಗೆ ಇದ್ದರೆ ಅವರಿಗೆ ಬೋರ್‌ವೆಲ್ ಬಗ್ಗೆ ಹೇಳಿ ನೋಡಿ. ಮಳೆಗಾಲದಲ್ಲಿ ಬಾವಿಯಿಂದ ನೀರು ಕೈಗೆ ಸಿಗುವ ಕಡೆಯವರು ಎಂಥೆಂಥ ಪ್ರಶ್ನೆ ಕೇಳುತ್ತಾರೆ!

ಓದುವುದೂ ಬೇಕು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಓದುವಾಗಲೂ ಕೇಳುತ್ತಾ ಓದಿದರೆ ಮಾತ್ರ ಕೈಗೆ ಹತ್ತುತ್ತದೆ. ಇಲ್ಲಿ ಇವರು ಯಾಕೆ ಊರಿನ ಹೆಸರು ಹೇಳಿದರು, ಇಲ್ಲಿ ಯಾಕೆ ವಾಕ್ಯ ಮುರಿದರು. ಹಾಗಲ್ಲದೆ ಸುಮ್ನೆ ಒಳ್ಳೆಯ ಬರಹಗಾರರನ್ನು ಓದುತ್ತಾ ಹೋದವರು ಅವರ ಹಾಗೆ ಬರೆಯಲು ಹೋಗಿ ತಮ್ಮ ದನಿಯನ್ನೇ ಬಿಟ್ಟದ್ದನ್ನು ನೋಡಿದ್ದೇನೆ.

ಕಳೆದ ವಾರ ಮಾಲೂರಿನ ಹುಡುಗ ಇಟ್ಟಿಗೆ ಗೂಡಿನ ಬಗ್ಗೆ ಬರೆದು ತಂದಿದ್ದ. ಓದಿದ್ದು ಶ್ರೀನಿವಾಸಪುರದ ಹುಡುಗಿ. "ಗೂಡು ಹಗಲು ರಾತ್ರಿ ಉರಿಯುತ್ತದೆ" ಅನ್ನುವಲ್ಲಿ ನಿಂತು, "ಏನು ಹಾಕಿ ಉರಿಸ್ತಾರೆ? ಒಂದು ಗೂಡಿಗೆ ಎಷ್ಟು ಇಟ್ಟಿಗೆ ಹಿಡಿಯತ್ತೆ? ಬೆಂದಿದೆ ಅಂತ ಹೊರಗಿಂದ ಹೇಗೆ ಗೊತ್ತಾಗತ್ತೆ?" ಅಂತ ಕೇಳಿದಳು. ಅವನು ಆ ಗೂಡಿನ ಪಕ್ಕದಲ್ಲೇ ಬೆಳೆದವನು. ಮೊದಲ ಪ್ರಶ್ನೆಗೆ ಉತ್ತರ ಇತ್ತು, ಉಳಿದೆರಡಕ್ಕೆ ಇರಲಿಲ್ಲ. ಚಿಕ್ಕಪ್ಪ ಅಲ್ಲೇ ಕೆಲಸಕ್ಕೆ ಹೋಗುತ್ತಾರಂತೆ. ಕೇಳಿಕೊಂಡು ಬರುತ್ತೇನೆ ಅಂತ ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಹೋಗಿದ್ದಾನೆ.